ಅಜ್ಜಿಯ ಐದನೇ ನಂಬರ್ ಊಟ

"ಅಜ್ಜೀ, ಬೆರಳು" ಎಂದಳು ದೋಯ್ನಾ, ಶೂ ಲೇಸು ಕಟ್ಟುತ್ತ, ತಲೆ ಎತ್ತದೆ.

ಅಗ್ರಿಪಿನಾ ಅಜ್ಜಿಯ ಬೆರಳು ಅಷ್ಟರಲ್ಲಿ ಕೆನೆಯ ಬಟ್ಟಲಿನ ಅಂಚು ಮುಟ್ಟಿತ್ತು. ಅದು ಅಲ್ಲೇ ನಿಂತಿತು. ಆಮೇಲೆ ಮೆಲ್ಲಗೆ ಏಪ್ರನ್ನಿನ ಜೇಬಿಗೆ ಇಳಿಯಿತು.

"ನೊಣ ಕೂತಿತ್ತು ಕಣೇ, ಓಡಿಸ್ತಿದ್ದೆ."

"ಎಲ್ಲಿ ನೊಣ?"

"ನಿನ್ನ ದನಿ ಕೇಳಿ ಅದೂ ಹೆದರಿ ಹೋಯ್ತು."

ಒಲೆಯ ಮುಂದಿದ್ದ ಅಮ್ಮ ನಕ್ಕಳು. ಆದರೆ ಬಟ್ಟಲನ್ನು ಎತ್ತಿ ಮೇಲಿನ ಶೆಲ್ಫಿಗೆ ಇಟ್ಟಳು.

ಫ್ರಿಜ್ಜಿನ ಬಾಗಿಲ ಮೇಲೆ ಡಾಕ್ಟರು ಕೊಟ್ಟ ಹಾಳೆ ಅಂಟಿಕೊಂಡಿತ್ತು. ತಲೆಬರಹ 'ಐದನೇ ನಂಬರ್ ಊಟ'. ಮೊಲ್ದೋವಾದ ಆಸ್ಪತ್ರೆಗಳಲ್ಲಿ ಪಥ್ಯಕ್ಕೆಲ್ಲ ನಂಬರು ಇದೆ. ಹೊಟ್ಟೆಹುಣ್ಣಿನವರಿಗೆ ಒಂದನೇ ನಂಬರ್, ಸಕ್ಕರೆ ಕಾಯಿಲೆಯವರಿಗೆ ಒಂಬತ್ತು, ಪಿತ್ತಕೋಶದಲ್ಲಿ ಕಲ್ಲು ಇರುವವರಿಗೆ ಐದು. ಹಾಳೆಯ ಎಡಗಡೆ ತಿನ್ನಬಹುದಾದದ್ದು: ಬೇಯಿಸಿದ ತರಕಾರಿ, ಓಟ್ಸ್ ಗಂಜಿ, ಕೆನೆ ತೆಗೆದ ಮೊಸರು, ಸುಟ್ಟ ಸೇಬು. ಬಲಗಡೆ ತಿನ್ನಬಾರದ್ದು. ಬಲಗಡೆಯ ಪಟ್ಟಿ ಎಷ್ಟು ಉದ್ದವಿತ್ತೆಂದರೆ ಹಾಳೆಯ ಹಿಂದಕ್ಕೂ ತಿರುಗಿಕೊಂಡಿತ್ತು.

"ಇದು ಊಟ ಅಲ್ಲ, ಊಟದ ಫೋಟೋ" ಎಂದು ಅಜ್ಜಿ ದಿನಕ್ಕೆ ಐದು ಸಲ ಹೇಳುತ್ತಿದ್ದಳು. ಏಕೆಂದರೆ ಐದನೇ ನಂಬರಿನಲ್ಲಿ ದಿನಕ್ಕೆ ಐದು ಸಲ, ಸ್ವಲ್ಪ ಸ್ವಲ್ಪವೇ ತಿನ್ನಬೇಕಿತ್ತು.

ಕಲ್ಲು ಇರುವುದು ಚಳಿಗಾಲದಲ್ಲೇ ಸ್ಕ್ಯಾನಿಂಗಿನಲ್ಲಿ ಗೊತ್ತಾಗಿತ್ತು. ಅಜ್ಜಿ ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ. ಈಸ್ಟರ್ ಹಬ್ಬಕ್ಕೆ ಮುಂಚೆ ಹೇಗೂ ಏಳು ವಾರದ ಉಪವಾಸ ಬರುತ್ತದೆ, ಮಾಂಸವಿಲ್ಲ, ಹಾಲಿಲ್ಲ, ಮೊಟ್ಟೆಯಿಲ್ಲ, ಕಲ್ಲಿಗೆ ಇದಕ್ಕಿಂತ ಒಳ್ಳೆ ಮದ್ದು ಯಾವುದು ಎಂದು ಅವಳ ನಂಬಿಕೆ. ಎಷ್ಟೋ ದಿನ ಸಂಜೆಯ ತನಕ ಬಾಯಿಗೆ ಏನೂ ಹಾಕುತ್ತಿರಲಿಲ್ಲ. ಹಬ್ಬದ ಬೆಳಿಗ್ಗೆ ಚರ್ಚಿನಿಂದ ಬುಟ್ಟಿ ಬಂತು. ಪಾದ್ರಿಗಳು ಪವಿತ್ರ ಜಲ ಚಿಮುಕಿಸಿದ ಬುಟ್ಟಿ. ಅದರಲ್ಲಿರುವುದನ್ನು ಬಿಡುವ ಹಾಗಿಲ್ಲ, ಎಸೆಯುವ ಹಾಗಂತೂ ಇಲ್ಲವೇ ಇಲ್ಲ. ಅಜ್ಜಿ ಕೆಂಪು ಮೊಟ್ಟೆ ತಿಂದಳು, ಸಾಸೇಜು ತಿಂದಳು, ಗಿಣ್ಣು ತುಂಬಿದ ಹಬ್ಬದ ಬ್ರೆಡ್ಡು ತಿಂದಳು, ಕೊನೆಗೆ ಉಪ್ಪು ಹಚ್ಚಿದ ಹಂದಿ ಕೊಬ್ಬಿನ ಎರಡು ತುಂಡು.

ಮಧ್ಯಾಹ್ನ ದೋಯ್ನಾ ಅಂಗಳದಿಂದ ಒಳಗೆ ಬಂದಾಗ ಅಜ್ಜಿ ಹೊಸ್ತಿಲ ಮೇಲೆ ಕೂತಿದ್ದಳು. ಬಲಪಕ್ಕೆಯನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದಿದ್ದಳು. ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು, ಅದರ ಮೇಲೆ ಬೆವರು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ದೋಯ್ನಾ ಆಂಬುಲೆನ್ಸಿಗೆ ಫೋನ್ ಮಾಡಿದಳು. ಆ ಕಡೆಯವರು ಮನೆ ನಂಬರ್ ಕೇಳಿದಾಗ, ಹುಟ್ಟಿದಾಗಿನಿಂದ ಇದ್ದ ಮನೆಯ ನಂಬರೇ ಅವಳಿಗೆ ಮರೆತುಹೋಗಿತ್ತು.

ಉಪವಾಸವೂ ತಪ್ಪು, ಒಮ್ಮೆಲೇ ಔತಣವೂ ತಪ್ಪು ಎಂದರು ಡಾಕ್ಟರು. ಮೂರು ವಾರದ ನಂತರ ಆಪರೇಷನ್. ಅಲ್ಲಿಯವರೆಗೆ ಇನ್ನೊಂದು ಸಲ ಅಂಥ ನೋವು ಬರಕೂಡದು. ಆವತ್ತಿನಿಂದ ದೋಯ್ನಾ ಅಜ್ಜಿಯ ನೆರಳಾದಳು. ಅಜ್ಜಿ ಅವಳನ್ನು 'ಕಮಾಂಡರ್' ಎಂದು ಕರೆಯತೊಡಗಿದಳು.

ಇವತ್ತು ಕಮಾಂಡರಿಗೆ ಕಷ್ಟದ ದಿನ. ಇವತ್ತು ಬ್ಲಾಜಿನರ ಈಸ್ಟರ್.

ಈಸ್ಟರ್ ಕಳೆದ ಮರುವಾರ, ಸೋಮವಾರ, ಮೊಲ್ದೋವಾದ ಊರುಗಳಲ್ಲಿ ಜನರೆಲ್ಲ ಸ್ಮಶಾನಕ್ಕೆ ಹೋಗುತ್ತಾರೆ. ತಮ್ಮವರ ಸಮಾಧಿಯ ಪಕ್ಕ ಮೇಜು ಹಾಕಿ, ಬಟ್ಟೆ ಹಾಸಿ, ಅಡುಗೆ ಬಡಿಸುತ್ತಾರೆ. ಬಂದುಹೋಗುವವರಿಗೆಲ್ಲ ಸತ್ತವರ ಹೆಸರಿನಲ್ಲಿ ತಟ್ಟೆ ಕೊಡುತ್ತಾರೆ. ಕೊಟ್ಟದ್ದನ್ನು ಬೇಡ ಅನ್ನುವ ಹಾಗಿಲ್ಲ. ತುತ್ತು ತಿಂದು, "ದೇವರು ಅವರನ್ನ ಕ್ಷಮಿಸಲಿ" ಎನ್ನಬೇಕು.

"ಅಮ್ಮ, ನೀನು ನಮ್ಮ ಮೇಜಿನ ಹತ್ತಿರಾನೇ ಕೂತಿರು. ಬೇರೆ ಕಡೆ ಹೋಗೋದು ಬೇಡ" ಎಂದಳು ದೋಯ್ನಾಳ ಅಮ್ಮ.

"ಪರಾಸ್ಕಾ ಹತ್ತಿರ ಹೋಗದೆ ಇರೋಕಾಗುತ್ತಾ ತಮಾರಾ? ಅವಳ ಗಂಡ ಹೋದ ಮೇಲೆ ಮೊದಲನೇ ಸಲ ಮೇಜು ಹಾಕ್ತಿದಾಳೆ."

ಅಮ್ಮ ದೋಯ್ನಾಳ ಕಡೆ ನೋಡಿದಳು. ದೋಯ್ನಾ ತಾನೇ ನಕಲು ಮಾಡಿದ್ದ ಐದನೇ ನಂಬರ್ ಪಟ್ಟಿಯನ್ನು ಮಡಿಸಿ ಜಾಕೆಟ್ಟಿನ ಜೇಬಿಗೆ ಹಾಕಿಕೊಂಡಳು.

ದಾರಿಯಲ್ಲಿ ರೌತ್ ನದಿಯ ಸೇತುವೆ ದಾಟುವಾಗ ಅಜ್ಜಿ ನಿಂತು ನೀರು ನೋಡಿದಳು. ಈಸ್ಟರಿನ ಹಿಂದಿನ ದಿನ ದೋಯ್ನಾ ಇಲ್ಲಿಂದಲೇ ಕೆಂಪು ಮೊಟ್ಟೆಯ ಚಿಪ್ಪುಗಳನ್ನು ಎಸೆದಿದ್ದಳು.

"ತಲುಪಿರುತ್ತಾ ಅಜ್ಜಿ?"

"ತಲುಪದೆ ಏನು. ಇವತ್ತು ಬೆಳಿಗ್ಗೇನೆ."

ಈ ಕತೆ ದೋಯ್ನಾಳಿಗೆ ಬಾಯಿಪಾಠ. ಆದರೂ ಅಜ್ಜಿ ಹೇಳಲಿ ಎಂದು ಕೇಳುತ್ತಿದ್ದಳು. ನೀರೆಲ್ಲ ಹರಿದು ಕೊನೆಗೆ ಸೇರುವ ಕಡೆ ಬ್ಲಾಜಿನರು ಇದ್ದಾರಂತೆ. ಮೊಣಕಾಲೆತ್ತರದ ಸಾಧು ಜನ. ಅಲ್ಲಿ ಕ್ಯಾಲೆಂಡರಿಲ್ಲ, ಗಂಟೆಯಿಲ್ಲ, ಹಬ್ಬ ಯಾವತ್ತೆಂದು ಅವರಿಗೆ ತಿಳಿಯದು. ಕೆಂಪು ಚಿಪ್ಪು ತೇಲಿ ಬಂದ ದಿನವೇ ಅವರಿಗೆ ಈಸ್ಟರ್. ಒಂದು ಚಿಪ್ಪಿನ ಸುತ್ತ ಹನ್ನೆರಡು ಜನ ಕೂರುತ್ತಾರೆ, ಅದರಲ್ಲೇ ಹನ್ನೆರಡೂ ಜನರ ಹೊಟ್ಟೆ ತುಂಬುತ್ತದೆ.

"ಖಾಲಿ ಚಿಪ್ಪಲ್ಲಿ ಹೊಟ್ಟೆ ಹೇಗೆ ತುಂಬುತ್ತೆ?" ಎಂದು ದೋಯ್ನಾ ಪ್ರತಿ ಸಲ ಕೇಳುತ್ತಿದ್ದಳು.

"ಅವರನ್ನೇ ಕೇಳು" ಎಂದು ಅಜ್ಜಿ ಪ್ರತಿ ಸಲ ಹೇಳುತ್ತಿದ್ದಳು.

ಸ್ಮಶಾನದಲ್ಲಿ ಚೆರಿ ಮರಗಳು ಹೂಬಿಟ್ಟಿದ್ದವು. ಅಜ್ಜಿಯ ಗಂಡ ಗೆರಾಸಿಮ್ ತಾತನ ಸಮಾಧಿಯ ಪಕ್ಕ ಅಪ್ಪ ಮೇಜು ಹಾಕಿ ವೈನ್ ಜಗ್ಗು ಇಟ್ಟಿದ್ದ. ತಂದಿದ್ದ ಸ್ಟೂಲು ಮಡಿಸಿದಂತೆಯೇ ಶಿಲುಬೆಗೆ ಒರಗಿತ್ತು. ಬರುವವರು ನಿಂತುಕೊಂಡೇ ತಿಂದು ಹೋಗುತ್ತಿದ್ದರು. ಅವರಿಗೆ ಇನ್ನೂ ಎಷ್ಟೋ ಮೇಜು ಬಾಕಿ.

ಅಜ್ಜಿ, ಮೊಮ್ಮಗಳು ಹೊರಟರು. ಮೊದಲ ಎರಡು ಕಡೆ ಕಷ್ಟವಾಗಲಿಲ್ಲ. "ಅಜ್ಜಿಗೆ ಐದನೇ ನಂಬರ್" ಎಂದು ದೋಯ್ನಾ ಹೇಳಿದಳು. "ಓಹೋ, ಕಲ್ಲಾ" ಎಂದು ಅವರೇ ಒಂದು ಚೂರು ಬ್ರೆಡ್ಡು ಮುರಿದುಕೊಟ್ಟರು. ಅಂಗಡಿಯ ಮಾರುಸ್ಯಾ ಆಂಟಿ ಮಾತ್ರ ಅಜ್ಜಿಯ ತೋಳು ಹಿಡಿದು ನಿಲ್ಲಿಸಿದಳು. ಒಂದು ಲೋಟ ಎಣ್ಣೆಗೆ ನಿಂಬೆರಸ ಹಿಂಡಿ ಕುಡಿದರೆ ಕಲ್ಲು ತಾನಾಗಿಯೇ ಬಿದ್ದುಹೋಗುತ್ತದಂತೆ, ಅವಳ ನಾದಿನಿಗೆ ಹಾಗೇ ಹೋಯಿತಂತೆ.

"ಅದು ಮಾಡಲೇಬಾರದು ಅಂತ ಡಾಕ್ಟರ್ ಹೇಳಿದಾರೆ ಆಂಟಿ. ಕಲ್ಲು ದಾರೀಲಿ ಸಿಕ್ಕಿಹಾಕಿಕೊಳ್ಳುತ್ತೆ" ಎಂದಳು ದೋಯ್ನಾ.

"ಎಷ್ಟನೇ ಕ್ಲಾಸಮ್ಮಾ ನೀನು?"

"ನಾಲ್ಕು."

"ನಾಲ್ಕನೇ ಕ್ಲಾಸಿನ ಡಾಕ್ಟರು" ಎಂದು ಮಾರುಸ್ಯಾ ಆಂಟಿ ನಕ್ಕು, ಬೇರೆ ಮೇಜಿಗೆ ಓಡಿದಳು.

ದೋಯ್ನಾಳಿಗೆ ಒಳಗೊಳಗೇ ಹೆಮ್ಮೆಯಾಯಿತು. ಆ ಹೆಮ್ಮೆಯಲ್ಲೇ ಪರಾಸ್ಕಾ ಅಜ್ಜಿಯ ಮೇಜಿಗೆ ಬಂದಳು.

ಪರಾಸ್ಕಾಳ ಗಂಡ ಮಿತ್ರೋಫಾನ್ ತಾತನ ಸಮಾಧಿಯ ಮಣ್ಣು ಇನ್ನೂ ಹೊಸದು, ಹುಲ್ಲು ಹುಟ್ಟಿರಲಿಲ್ಲ. ಮೇಜಿನ ಮೇಲೆ ಜಡೆಯಂತೆ ಹೆಣೆದ ಬ್ರೆಡ್ಡಿನ ಬಳೆಗಳು, ಮೇಣದಬತ್ತಿ. ನಡುವೆ ಅಗಲವಾದ ತಟ್ಟೆಯಲ್ಲಿ ಪ್ಲಚಿಂತಾ ರೊಟ್ಟಿಗಳು. ಒಳಗೆ ಗಿಣ್ಣು, ಹೊರಗೆ ಹಂದಿ ಕೊಬ್ಬಿನಲ್ಲಿ ಹೊನ್ನಬಣ್ಣಕ್ಕೆ ಕರಿದದ್ದು. ಪಕ್ಕದಲ್ಲಿ ಕಪ್ಪು ಸ್ಕಾರ್ಫು ಕಟ್ಟಿದ್ದ ಪರಾಸ್ಕಾ ಅಜ್ಜಿ ನಿಂತಿದ್ದಳು. ಅಗ್ರಿಪಿನಾ ಅಜ್ಜಿಗೂ ಅವಳಿಗೂ ಒಂದೇ ಬೆಂಚಿನಲ್ಲಿ ಕೂತು ಶಾಲೆ ಕಲಿತ ದಿನದಿಂದ ಗೆಳೆತನ.

"ಬಂದ್ಯಾ ಅಗ್ರಿಪಿನಾ" ಎಂದು ಅವಳು ದೊಡ್ಡದೊಂದು ಪ್ಲಚಿಂತಾ ತೆಗೆದು ತಟ್ಟೆಗೆ ಹಾಕಿದಳು. "ತಗೋ, ಮಿತ್ರೋಫಾನನ ಹೆಸರಲ್ಲಿ. ಅವನಿಗೆ ಹೇಗೆ ಇಷ್ಟಾನೋ ಹಾಗೇ ಮಾಡಿದೀನಿ."

ಅಜ್ಜಿಯ ಕೈ ಮುಂದೆ ಹೋಯಿತು.

"ಬೇಡ! ಕೊಬ್ಬಲ್ಲಿ ಕರಿದಿರೋದು. ಅದು ಅಜ್ಜಿಗೆ ವಿಷ" ಎಂದು ದೋಯ್ನಾ ತಟ್ಟೆಯನ್ನು ಹಿಂದಕ್ಕೆ ತಳ್ಳಿಬಿಟ್ಟಳು.

ದನಿ ತುಸು ದೊಡ್ಡದಾಗಿಯೇ ಬಂದಿತ್ತು. ಅಕ್ಕಪಕ್ಕದ ಮೇಜಿನವರು ತಿರುಗಿ ನೋಡಿದರು.

ತಟ್ಟೆಯ ಅಂಚಿನಲ್ಲಿ ಯಾವ ಕೊಳೆಯೂ ಇರಲಿಲ್ಲ. ಆದರೂ ಪರಾಸ್ಕಾ ಅಜ್ಜಿ ಟವೆಲ್ಲಿನಿಂದ ಅದನ್ನು ಒರೆಸಿದಳು. ಮತ್ತೊಮ್ಮೆ ಒರೆಸಿದಳು. ಅವಳ ಗಲ್ಲ ನಡುಗುತ್ತಿತ್ತು.

ವಿಷ ಎಂದ ಮಾತನ್ನು ನುಂಗಿಕೊಳ್ಳಲು ಸಾಧ್ಯವಿದ್ದಿದ್ದರೆ ದೋಯ್ನಾ ಆಗಲೇ ನುಂಗಿಕೊಳ್ಳುತ್ತಿದ್ದಳು.

"ಮಗು ಅದು, ಏನೋ ಅಂದುಬಿಡ್ತು. ಕೊಡು ಇಲ್ಲಿ ಪರಾಸ್ಕಾ" ಎಂದು ಅಜ್ಜಿ ತಾನೇ ತಟ್ಟೆ ಎಳೆದುಕೊಂಡಳು. ಪ್ಲಚಿಂತಾವನ್ನು ಇಡಿಯಾಗಿ ಎತ್ತಿದಳು. ಅವಳ ಬೆರಳಿಗೆ ಕೊಬ್ಬು ಹತ್ತಿ ಹೊಳೆಯಿತು.

ದೋಯ್ನಾಳಿಗೆ ಹೊಸ್ತಿಲು ಕಣ್ಣ ಮುಂದೆ ಬಂತು, ಬಿಳಿಚಿದ ಮುಖ ಬಂತು. ಮನೆ ನಂಬರ್ ಹದಿನೇಳು ಎಂದು ಮನಸ್ಸಿನಲ್ಲೇ ಹೇಳಿಕೊಂಡಳು. ಮತ್ತೆ ಕೂಗಬೇಕೆನಿಸಿತು. ಪರಾಸ್ಕಾ ಅಜ್ಜಿಯ ಗಲ್ಲ ನೋಡಿ ಕೂಗಲಾಗಲಿಲ್ಲ.

ಅವಳು ಅಜ್ಜಿಯ ಮಣಿಕಟ್ಟನ್ನು ಮೆತ್ತಗೆ ಹಿಡಿದಳು.

"ಪರಾಸ್ಕಾ ಅಜ್ಜಿ" ಎಂದಳು. "ಅಜ್ಜಿ ಬದಲು ನಾನು ತಿಂದ್ರೆ ತಾತನಿಗೆ ಸಲ್ಲುತ್ತಾ?"

ಪರಾಸ್ಕಾ ಅಜ್ಜಿ ಟವೆಲ್ಲು ಕೈಯಲ್ಲೇ ಹಿಡಿದು ಅವಳನ್ನೇ ನೋಡಿದಳು. ಚೆರಿ ಹೂವಿನ ಎಸಳೊಂದು ವೈನಿನ ಲೋಟಕ್ಕೆ ಬಿತ್ತು.

"ಸಲ್ಲುತ್ತೆ" ಎಂದಳು ಕೊನೆಗೆ. "ಆದ್ರೆ ಕೂತ್ಕೊಂಡು ತಿನ್ನಬೇಕು. ಬೆಳಿಗ್ಗೆಯಿಂದ ಹದಿನಾರು ಜನ ಬಂದ್ರು. ಎಲ್ಲರೂ ತಿಂದ್ರು. ಒಬ್ರೂ ಕೂರಲಿಲ್ಲ."

ಸಮಾಧಿಯ ಬದಿಯಲ್ಲಿ ಗಿಡ್ಡ ಬೆಂಚಿತ್ತು. ಮಿತ್ರೋಫಾನ್ ತಾತನೇ ಹಿಂದೆ ತನ್ನ ತಾಯಿಯ ಸಮಾಧಿಗೆಂದು ಮಾಡಿಟ್ಟದ್ದು. ಮೂವರೂ ಅದರ ಮೇಲೆ ಒತ್ತಿಕೊಂಡು ಕೂತರು. ಅಜ್ಜಿ ಪ್ಲಚಿಂತಾವನ್ನು ಮೂಗಿನ ಹತ್ತಿರ ಹಿಡಿದು ಉದ್ದಕ್ಕೆ ಉಸಿರು ಎಳೆದುಕೊಂಡಳು. ಆಮೇಲೆ ಅದನ್ನು ದೋಯ್ನಾಳ ಕೈಗಿಟ್ಟಳು.

"ಇವತ್ತು ನನ್ನ ಬಾಯಿ ಇವಳ ಹತ್ತಿರ ಇದೆ" ಎಂದಳು. ಬ್ರೆಡ್ಡಿನ ಬಳೆಯಿಂದ ಮೊಟ್ಟೆಚಿಪ್ಪಿನಷ್ಟು ಚೂರು ಮುರಿದು ತನ್ನ ಅಂಗೈಯಲ್ಲಿ ಇಟ್ಟುಕೊಂಡಳು. "ದೇವರು ಮಿತ್ರೋಫಾನನನ್ನ ಕ್ಷಮಿಸಲಿ. ಆ ಬಾಣಲೆ ವಿಷಯ ಬಿಟ್ಟು."

"ಯಾವ ಬಾಣಲೆ?" ಎಂದಳು ದೋಯ್ನಾ, ಬಾಯಿ ತುಂಬ ಗಿಣ್ಣು ಇಟ್ಟುಕೊಂಡು.

"ಹೇಳಬೇಡ ಕಣೇ" ಎಂದಳು ಪರಾಸ್ಕಾ ಅಜ್ಜಿ. ಆದರೆ ತಾನೇ ಹೇಳತೊಡಗಿದಳು. ಮದುವೆಯಾದ ಹೊಸತರಲ್ಲಿ ಮಿತ್ರೋಫಾನನಿಗೆ ತಟ್ಟೆಗೆ ಬಡಿಸುವ ತನಕ ತಾಳ್ಮೆ ಇರಲಿಲ್ಲವಂತೆ. ಬಾಣಲೆಯಿಂದಲೇ ಬಿಸಿ ಪ್ಲಚಿಂತಾ ಕದ್ದು ಟೋಪಿಯೊಳಗೆ ಹಾಕಿಕೊಂಡು, ಟೋಪಿಯನ್ನು ತಲೆಗಿಟ್ಟುಕೊಂಡನಂತೆ. ಅಷ್ಟರಲ್ಲೇ ಪಾದ್ರಿಗಳು ಮನೆಗೆ ಬಂದರು. ಅವರೆದುರು ಟೋಪಿ ತೆಗೆಯದೆ ನಿಲ್ಲುವಂತಿಲ್ಲ, ತೆಗೆಯುವಂತೆಯೂ ಇಲ್ಲ. ಪಾದ್ರಿಗಳು ಪ್ರಾರ್ಥನೆ ಹೇಳುತ್ತಿದ್ದಾರೆ, ಇವನ ಕಿವಿಯ ಹಿಂದೆ ಕೊಬ್ಬು ಇಳಿಯುತ್ತಿದೆ.

"ಇವನಿಗೆ ಎಂಥಾ ಭಕ್ತಿ, ಬೆವರ್ತಾ ಇದಾನೆ ಅಂದ್ರು ಪಾದ್ರಿಗಳು" ಎಂದು ಅಗ್ರಿಪಿನಾ ಅಜ್ಜಿ ಮುಗಿಸಿದಳು.

ಪರಾಸ್ಕಾ ಅಜ್ಜಿ ನಕ್ಕಳು. ನಗುತ್ತ ನಗುತ್ತ ಸ್ಕಾರ್ಫಿನ ತುದಿಯಿಂದ ಕಣ್ಣು ಒತ್ತಿಕೊಂಡಳು. ಮತ್ತೆ ನಕ್ಕಳು.

ಹನ್ನೊಂದು ಗಂಟೆಯಾಯಿತು. ಅದು ಐದನೇ ನಂಬರಿನ ಎರಡನೆಯ ಊಟದ ಹೊತ್ತು. ಅಜ್ಜಿ ಚೀಲದಿಂದ ತನ್ನ ಡಬ್ಬಿ ತೆಗೆದಳು. ಬೇಯಿಸಿದ ಕ್ಯಾರೆಟ್ಟು, ಕೆನೆಯಿಲ್ಲದ ಮೊಸರು. ಪರಾಸ್ಕಾ ಅಜ್ಜಿ ಒಂದು ಚಮಚ ರುಚಿ ನೋಡಿ, ಚಮಚವನ್ನು ಮೆಲ್ಲಗೆ ಡಬ್ಬಿಯೊಳಗೇ ಇಟ್ಟಳು.

"ನಿನಗೂ ದೇವರು ಕ್ಷಮೆ ಕೊಡಲಿ ಅಗ್ರಿಪಿನಾ" ಎಂದಳು.

ಈ ಸಲ ನಕ್ಕವಳು ಅಜ್ಜಿ. ಅಂಗೈಯಲ್ಲಿದ್ದ ಬ್ರೆಡ್ಡಿನ ಚೂರು ಇನ್ನೂ ಹಾಗೇ ಇತ್ತು. ಅದನ್ನು ಅವಳು ಕೊನೆಯಲ್ಲಿ, ಏಳುವ ಮುಂಚೆ, ನಿಧಾನವಾಗಿ ತಿಂದಳು.

ಎರಡು ತಾಸು ಕಳೆದ ಮೇಲೆ ಇಬ್ಬರೂ ತಮ್ಮ ಮೇಜಿಗೆ ವಾಪಸ್ಸು ಬಂದರು. ಅಮ್ಮ ದೋಯ್ನಾಳನ್ನು ಪಕ್ಕಕ್ಕೆ ಕರೆದು ಅಜ್ಜಿ ಏನು ತಿಂದಳೆಂದು ಕೇಳಿದಳು.

"ಬ್ರೆಡ್ ಚೂರು. ತನ್ನ ಡಬ್ಬಿ."

"ಅಷ್ಟಕ್ಕೇ ಬಿಟ್ಟಳಾ ಪರಾಸ್ಕಾ? ಬೇಜಾರು ಮಾಡ್ಕೊಳ್ಳಲಿಲ್ಲವಾ?"

ದೋಯ್ನಾ ಯೋಚಿಸಿದಳು. "ಮೊದಲು ಮಾಡ್ಕೊಂಡ್ರು, ಆಮೇಲೆ ಇಲ್ಲ" ಎಂದಳು. ಜೇಬಿನಲ್ಲಿ ಕೈಯಿಟ್ಟಳು. ಪಟ್ಟಿ ಮಡಿಸಿದ ಹಾಗೇ ಇತ್ತು.

ಅಷ್ಟರಲ್ಲಿ ಮಾರುಸ್ಯಾ ಆಂಟಿ ಗೆರಾಸಿಮ್ ತಾತನ ಸಮಾಧಿಗೂ ಬಂದಳು. ಅಮ್ಮ ಕೊಟ್ಟ ತಟ್ಟೆ ತೆಗೆದುಕೊಂಡು, ಆಗಲೇ ಮುಂದಿನ ಮೇಜಿನ ಕಡೆ ಕಣ್ಣು ಹಾಯಿಸುತ್ತ, ನಿಂತುಕೊಂಡೇ ತಿನ್ನತೊಡಗಿದಳು.

ದೋಯ್ನಾ ಹೋಗಿ ಶಿಲುಬೆಗೆ ಒರಗಿಸಿದ್ದ ಸ್ಟೂಲನ್ನು ತಂದಳು. ಅದನ್ನು ಬಿಡಿಸಿ, ಅಲುಗಾಡದ ಹಾಗೆ ಹುಲ್ಲಿನ ಮೇಲೆ ಒತ್ತಿ ಇಟ್ಟಳು.

"ಕೂತ್ಕೊಳ್ಳಿ ಆಂಟಿ" ಎಂದಳು. "ನಮ್ಮ ತಾತ ನಿಮಗೆ ಗೊತ್ತಿದ್ರಾ?"