ತೊಟ್ಟಿಲು ಗುರುತು

"ಬರೀ ತೊಟ್ಲ ತೂಗ್ಬ್ಯಾಡ ಕಣಪ್ಪ," ಎಂದು ಚನ್ನಾಜಮ್ಮ ಟೆಂಪೊ ಹಿಡಿದುಕೊಂಡು ಬೇಡಿದಳು. "ತೂಗುದ್ರೆ ಅದ್ಕೆ ಯಾರಾರ ಬೇಕಾಯ್ತದೆ."

ಹಗ್ಗ ಬಿಗಿಯುತ್ತಲೇ ಮಲ್ಲಿಕಾರ್ಜುನ್ ನಕ್ಕ. "ಅಜ್ಜಿ, ಇದು ಬರೀ ಗುರುತು."

ಮೈಸೂರಿನವನು ಅವನು. ಚಿಕ್ಕಯ್ಯನಛತ್ರದ ಹತ್ತಿರದ ಈ ಊರಿಗೆ ಮನೆ ಅಳಿಯನಾಗಿ ಬಂದು ಎರಡು ವರ್ಷವಾಗಿದ್ದರೂ ಊರವರ ಕಣ್ಣಿಗೆ ಉಂಡು ಹೋಗಲು ಬಂದ ನೆಂಟನೇ. ಹೆಂಡತಿ ಪವಿತ್ರಳನ್ನು ಪಂಚಾಯ್ತಿ ಚುನಾವಣೆಗೆ ನಿಲ್ಲಿಸಿ, ಗೆಲ್ಲಿಸಿ, ಆ ಬಾಯಿಗಳನ್ನು ಮುಚ್ಚಿಸುವ ಹಟ ಅವನದು. ಅವಳಿಗೆ ಸಿಕ್ಕ ಗುರುತು ತೊಟ್ಟಿಲು. ಕಾಗದದ ತೊಟ್ಟಿಲು ಯಾರ ನೆನಪಲ್ಲಿ ಉಳಿದೀತು? ಏಳು ತಿಂಗಳ ಮಗ ಗುರುವನ್ನು ಎತ್ತಿ ಪವಿತ್ರಳ ಅಜ್ಜಿ ಚನ್ನಾಜಮ್ಮನ ಮಡಿಲಿಗೆ ಹಾಕಿ, ಅವನು ಮಲಗುವ ತೊಟ್ಟಿಲನ್ನೇ ಟೆಂಪೊಗೆ ನೇತುಹಾಕಿದ.

"ಒಂದ್ಸಲ ತೂಗಿ, ಒಂದು ವೋಟು ಹಾಕಿ!" ಎಂದು ಮೈಕಿನಲ್ಲಿ ಅವನೇ ಕೂಗಿದ. ಬೀದಿ ಬೀದಿಯಲ್ಲೂ ಜನ ತೂಗಿದರು.

ನಾಲ್ಕನೇ ದಿನ ತೊಟ್ಟಿಲ ತಳದಲ್ಲಿ ಕರಿಬಟ್ಟೆಯ ಗಂಟೊಂದು ಸಿಕ್ಕಿತು. ಒಳಗೆ ಮೊಳೆ ಚುಚ್ಚಿದ ನಿಂಬೆಹಣ್ಣು, ಬೂದಿ, ಒಂದು ಎಳೆಗೂದಲಿನ ಸುರುಳಿ. ತೂಗಿದ ಅಷ್ಟು ಕೈಗಳಲ್ಲಿ ಕಟ್ಟಿದ ಕೈ ಯಾವುದೋ.

"ಮುಟ್ಬ್ಯಾಡಿ ಸಾ, ಮಾಟ ಮಾಡ್ಸವ್ರೆ. ತಿಳ್ದೋರ್ನ ಕರ್ಸಿ," ಎಂದು ಡ್ರೈವರ್ ನಂಜುಂಡ ಬೆವರಿದ. ಮಲ್ಲಿಕಾರ್ಜುನ್ ಅದನ್ನು ಕಿತ್ತು ನಾಲೆಗೆ ಎಸೆದು ಕೈ ಕೊಡವಿಕೊಂಡ.

ಅಂದಿನಿಂದ ಹಗ್ಗ ಕಿರುಗುಟ್ಟತೊಡಗಿತು. ಬರಿದಾದ ತೊಟ್ಟಿಲು ದಿನದಿನಕ್ಕೂ ಭಾರವಾಯಿತು. ಒಳಗಿನ ಬಟ್ಟೆ ಮುಟ್ಟಿದರೆ ಬೆಚ್ಚಗೆ. ಮಗು ಕಕ್ಕಿದ ಹಾಲಿನ ಹುಳಿ ವಾಸನೆ. ಮನೆಯಲ್ಲಿ ಗುರು ಹಗುರಾಗುತ್ತಿದ್ದ. ಅಂಗನವಾಡಿಯ ತಕ್ಕಡಿಯಲ್ಲಿ ಏಳು ಕಿಲೊ ಇದ್ದವನು ಆರಾದ, ಐದಾದ. ಕಾಯಿಲೆ ಏನೂ ಕಾಣುತ್ತಿಲ್ಲ ಎಂದರು ಡಾಕ್ಟರು.

"ತೊಟ್ಲು ಇಳಿಸಿಬಿಡಿ ಕಣ್ರೀ, ನಂಗೆ ಎಲೆಕ್ಷನ್ನೇ ಬೇಡ," ಎಂದು ಪವಿತ್ರ ಅತ್ತಳು.

ಇನ್ನೆರಡೇ ದಿನ ಎಂದ. ಆ ಎರಡು ದಿನಕ್ಕಾಗಿ ಅವನು ತನ್ನನ್ನು ಎಂದೂ ಕ್ಷಮಿಸಿಕೊಳ್ಳಲಾರ.

ಮತದಾನ ಮುಗಿದ ಮೇಲೆ ತೊಟ್ಟಿಲು ನಡುಮನೆಗೆ ಮರಳಿತು. ಮಗುವನ್ನು ಅದರ ಹತ್ತಿರಕ್ಕೆ ಒಯ್ಯಲು ಅಜ್ಜಿ ಬಿಡಲಿಲ್ಲ. ಎಣಿಕೆಯ ದಿನ ಪವಿತ್ರ, ಮಾಟ ತೆಗೆಯುವವರನ್ನು ಕರೆತರಲು ತಿ. ನರಸೀಪುರದ ಬಸ್ಸು ಹತ್ತಿದಳು.

ಹೊರಗೆ ಸುಡುವ ಮಧ್ಯಾಹ್ನ. ನಡುಮನೆಯಲ್ಲಿ ಮಾತ್ರ ಕತ್ತಲು ಕವಿದಿತ್ತು. ನಂಜನಗೂಡಿನ ಎಣಿಕೆ ಕೇಂದ್ರದಿಂದ ನಂಜುಂಡನ ಫೋನು ಬಂತು. "ಸಾ, ಬಿಚ್ಚುದ್ ಚೀಟಿಲೆಲ್ಲ ತೊಟ್ಲ ಮೇಲೇ ಸೀಲು!"

ತೊಟ್ಟಿಲು ತಾನಾಗಿ ತೂಗಿತು. ಒಂದು ಸಲ. ಇನ್ನೊಂದು ಸಲ. ಕಿರ್. ಕಿರ್. ಮಲ್ಲಿಕಾರ್ಜುನನ ತೋಳಿನಲ್ಲಿದ್ದ ಗುರು ಹತ್ತಿಯ ಹಾಗಿದ್ದ. ಉಸಿರು ಸಣ್ಣದಾಯಿತು. ತೊಟ್ಟಿಲೊಳಗೆ ಉಸಿರು ಕೇಳಿಸಿತು. ಕಿವಿಗೊಟ್ಟ. ಗುರುವಿನದೇ.

ಉಸಿರು ಅಲ್ಲಿ. ಮಗು ಇಲ್ಲಿ. ಎರಡನ್ನೂ ಕೂಡಿಸಬೇಕು. ಅವನು ತೊಟ್ಟಿಲಿನತ್ತ ಓಡಿದ.

"ಬ್ಯಾಡ ಕಣಪ್ಪಾ!" ಚನ್ನಾಜಮ್ಮ ಅವನ ಅಂಗಿ ಎಳೆದಳು. ಅಂಗಿ ಹರಿಯಿತು. ಅವನು ಮಗುವನ್ನು ಒಳಗೆ ಮಲಗಿಸಿದ.

ಬೀದಿಯಲ್ಲಿ ಪಟಾಕಿ ಸಿಡಿಯಿತು. ಫೋನಿನಲ್ಲಿ ನಂಜುಂಡ ಕೂಗಿದ. "ಗೆದ್ಬುಟ್ವಿ ಸಾ!"

ತೊಟ್ಟಿಲು ನಿಂತಿತು. ಉಸಿರೂ ನಿಂತಿತು.

ಅವನು ಹಗ್ಗ ಜಗ್ಗಿದ. ಉಸಿರು ಬಂತು. ಬಿಟ್ಟ. ಇಲ್ಲ. ಮತ್ತೆ ಜಗ್ಗಿದ.

ಸಂಜೆ ಪವಿತ್ರ ಮಾಟ ತೆಗೆಯುವವರೊಂದಿಗೆ ಬಂದಾಗ ಹಾರ ಹಿಡಿದ ಜನ ಜಗುಲಿ ತುಂಬಿದ್ದರು. ಚನ್ನಾಜಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಮೂಲೆಯಲ್ಲಿ ಕುಸಿದಿದ್ದಳು. ಪವಿತ್ರ ತೊಟ್ಟಿಲೊಳಗೆ ಕೈಯಿಟ್ಟಳು. ಮಗನ ಪಾದ ತಣ್ಣಗಿತ್ತು. ಮಾಟ ತೆಗೆಯಲು ಬಂದ ಮುದುಕ ಹೊಸಿಲು ದಾಟದೆ ತಲೆಯಾಡಿಸಿದ.

"ಸಾಕು, ಬಿಡಿ ಕಣ್ರೀ," ಎಂದಳು ಪವಿತ್ರ.

"ಬಿಟ್ರೆ ಬರೀ ತೊಟ್ಲಾಗುತ್ತೆ ಪವಿ," ಎಂದ ಅವನು, ಹಗ್ಗದಿಂದ ಕಣ್ಣು ತೆಗೆಯದೆ.

ಪವಿತ್ರ ಹಾರ ಹಿಡಿದವರ ಮುಖಕ್ಕೆ ಬಾಗಿಲು ಹಾಕಿದಳು. ಬಂದು ಗಂಡನ ಪಕ್ಕ ಕೂತು, ಹಗ್ಗಕ್ಕೆ ತನ್ನ ಕೈಯನ್ನೂ ಸೇರಿಸಿದಳು.