ಆರು ಶುಕ್ರವಾರದ ರಿಪೇರಿ

"ಒಳಗೆ ಯಾರ ಮದ್ವೆ ಆಯ್ತು ಮೇಡಂ?"

ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿ ಒಳಗೆ ಇಣುಕಿದ್ದ ಅಪರಿಚಿತ, ತಲೆಯೆತ್ತದೆ ಕೇಳಿದ.

ಸೌಪರ್ಣಿಕಾ ಬಗ್ಗಿ ನೋಡಿದಳು. ಫ್ಯಾನಿನ ರೆಕ್ಕೆಗಳಿಗೆ ಕುಂಕುಮ, ವೈರುಗಳಿಗೆ ಅರಿಶಿನ, ಬೋರ್ಡಿನ ಸಂದುಗಳಲ್ಲಿ ಅಕ್ಷತೆ ಕಾಳು... ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

'ನಗಲಿ ಇವನು, ಈಗಲೇ ಬಾಗಿಲು ತೋರಿಸ್ತೀನಿ' ಎಂದುಕೊಂಡಳು.

ತಪ್ಪು ಯಾರದೆಂದು ಹೇಳಬೇಕೆ? ಅವಳ ತಾಯಿ ವೆಂಕಟಲಕ್ಷ್ಮಿಯದು. ಮುಳಬಾಗಿಲಿನ ಪುರೋಹಿತರ ಮನೆ ಅದು. ಮಗಳಿಗೆ ಕೆಲಸ ಕೊಡುವ ಪೆಟ್ಟಿಗೆ ಸಾಕ್ಷಾತ್ ಸರಸ್ವತಿ! ಆಯುಧಪೂಜೆಗೆ ಒಂದು ಸಲ ಪೂಜೆ ಮಾಡಿ ಸುಮ್ಮನಾಗುವ ಜೀವವಲ್ಲ ಆಕೆ. ಪ್ರತಿ ಶುಕ್ರವಾರ ಅರಿಶಿನ, ಕುಂಕುಮ, ಅಕ್ಷತೆ, ಸಾಲದ್ದಕ್ಕೆ ಧೂಪ. ಒಳಗಿನ ಫ್ಯಾನು ಮೂರು ವರ್ಷ ಎಲ್ಲವನ್ನೂ ಒಳಗೆಳೆದುಕೊಂಡು, ಈಗ ಉಸಿರಾಡಲಾರದೆ ಗಂಟೆಗೊಮ್ಮೆ ನಿಂತುಹೋಗುತ್ತಿತ್ತು.

ಅವನು ನಗಲಿಲ್ಲ. ಬಣ್ಣ ಹಚ್ಚುವ ಸಣ್ಣ ಕುಂಚ ತೆಗೆದು ಒಂದೊಂದೇ ಕಾಳನ್ನು ಬಿಡಿಸಿದ. ಬಾಗಿಲಲ್ಲಿ ಅಪರಾಧಿಯಂತೆ ನಿಂತಿದ್ದ ವೆಂಕಟಲಕ್ಷ್ಮಿಗೆ, "ಪೂಜೆ ನಿಲ್ಲಿಸ್ಬೇಡಿ ಅಮ್ಮ. ಮುಂದೆ ಮೇಜಿನ್ ಮೇಲೆ ಇಡಿ, ಅಷ್ಟೇ" ಎಂದ.

ಅಷ್ಟಕ್ಕೇ ಸೌಪರ್ಣಿಕಾಳ ಕೋಪ ಅರ್ಧ ಇಳಿಯಿತು. ಉಳಿದರ್ಧವೂ ಇಳಿದಿತ್ತು, ಅವಳು ಒಪ್ಪಿಕೊಳ್ಳಲಿಲ್ಲ ಅಷ್ಟೇ.

ಅವನ ಹೆಸರು ಶ್ರೀರಾಮ್. ಕೋಲಾರದ ಬಸ್ ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ರಿಪೇರಿಯ ಪುಟ್ಟ ಅಂಗಡಿ. ಶುಕ್ರವಾರ ಮುಳಬಾಗಿಲಿನ ಕಡೆಯ ರಿಪೇರಿಗಳಿಗೆ ಬರುತ್ತಿದ್ದ. ಎರಡು ಸಾವಿರದ ಎರಡನೇ ಇಸವಿ, ಊರಿಡೀ ಹುಡುಕಿದರೂ ಕಂಪ್ಯೂಟರುಗಳನ್ನು ಬೆರಳಲ್ಲಿ ಎಣಿಸಬಹುದಿತ್ತು.

ಸೌಪರ್ಣಿಕಾ ಸಿವಿಲ್ ಡಿಪ್ಲೊಮಾ ಓದಿ ಮನೆಯಲ್ಲೇ ಕಟ್ಟಡದ ನಕ್ಷೆ ಬರೆಯುತ್ತಿದ್ದಳು. ಮಾಲೂರಿನ ಇಂಜಿನಿಯರ್ ಕೋದಂಡರಾಮಪ್ಪ ಈಗ ಹೊಸ ಕೆಲಸ ಕೊಡುವುದಾಗಿ ಹೇಳಿದ್ದರು. ಕಟ್ಟುವ ಮುಂಚೆಯೇ ಮನೆಯನ್ನು ನಾಲ್ಕೂ ಕಡೆ ತಿರುಗಿಸಿ ನೋಡುವಂಥ ತ್ರೀಡಿ ನಕ್ಷೆ. ದೀಪಾವಳಿಯೊಳಗೆ ಅವಳು ತಯಾರಾಗದಿದ್ದರೆ ಆ ಕೆಲಸ ಬೆಂಗಳೂರಿನವರ ಪಾಲು.

ಈ ಹಳೇ ಪೆಟ್ಟಿಗೆಯಲ್ಲಿ ಅದು ಆದೀತೇ? ಮಾರಿ ಹೊಸದು ತರಬೇಕೆ, ಇದನ್ನೇ ಅಪ್‌ಗ್ರೇಡ್ ಮಾಡಿಸಬೇಕೆ? ಅವಳು ಕೇಳಿದಳು.

ಶ್ರೀರಾಮ್ ಕೆನ್ನೆ ಕೆರೆದುಕೊಂಡು, ಮುಂದಿನ ವಾರ ಒಂದಿಷ್ಟು ರ‍್ಯಾಮ್ ತಂದು ಹಾಕಿ ನೋಡೋಣ ಎಂದ.

ಹಾಕಿದ. ಸಾಲಲಿಲ್ಲ. ಮೂರನೇ ಶುಕ್ರವಾರ ಬೇರೆ ಹಾರ್ಡ್ ಡಿಸ್ಕ್. ನಾಲ್ಕನೆಯದಕ್ಕೆ ಇನ್ನೇನೋ. ಯಾವುದನ್ನೂ ಮಾರದೆ ಸಂಜೆ ಬಿಚ್ಚಿಕೊಂಡು ವಾಪಸ್ ಹೋಗುತ್ತಿದ್ದ. ಇಂಥ ವ್ಯಾಪಾರಿಯನ್ನು ನೀವು ಕಂಡಿದ್ದೀರಾ?

ವೆಂಕಟಲಕ್ಷ್ಮಿಗೆ ಮಾತ್ರ ಅವನ ಮೇಲೆ ಅಕ್ಕರೆ ಉಕ್ಕುತ್ತಿತ್ತು. "ಏಂ ನಾಯನಾ, ಚಿಕ್ಕಿ ಪೋಯಾವು" ಎಂದು ತೆಲುಗಿನಲ್ಲಿ ಮರುಗುತ್ತಾ, ಸೊರಗಿದ್ದೀಯೆಂದು ಎರಡೆರಡು ಸಲ ಹುಳಿ ಬಡಿಸುತ್ತಿದ್ದರು. ಸೌಪರ್ಣಿಕಾ ಗುರುವಾರವೇ ತಲೆಗೆ ಸ್ನಾನ ಮಾಡುವುದನ್ನು ರೂಢಿ ಮಾಡಿಕೊಂಡಿದ್ದಳು. ಯಾಕೆಂದು ತಾಯಿ ಕೇಳಲಿಲ್ಲ, ಮಗಳು ಹೇಳಲಿಲ್ಲ.

'ಈ ಮಷೀನು ಯಾವತ್ತೂ ಸರಿಹೋಗದಿದ್ದರೆ...' ಎಂಬ ಯೋಚನೆ ಬಂದಾಗ ತನಗೆ ಹುಚ್ಚೆಂದು ತನ್ನನ್ನೇ ಬೈದುಕೊಂಡಳು.

ಏಳನೇ ಶುಕ್ರವಾರ ಶ್ರೀರಾಮ್ ಬರಲಿಲ್ಲ. ಬಂದವರು ಗಂಗುಲಪ್ಪ. ಶ್ರೀನಿವಾಸಪುರದಲ್ಲಿ ಟೈಪಿಂಗ್ ಕಲಿಸುವವರು.

ಶ್ರೀರಾಮ್ ಕಳಿಸಿದನೆಂದೂ, ಕಂಪ್ಯೂಟರನ್ನು ತಾವೇ ಕೊಳ್ಳುವುದೆಂದು ಮಾತಾಗಿದೆಯೆಂದೂ ಅವರು ಹೇಳಿದರು. "ಹೆಂಗೂ ಮದ್ವೆ ಆಗಿ ಹೋಗ್ತೀಯಂತಲ್ಲಮ್ಮ, ಇನ್ನು ನಿಂಗ್ಯಾಕೆ ಇದು" ಎಂದು ಒಳ್ಳೆಯ ಮನಸ್ಸಿನಿಂದಲೇ ಅಂದರು.

ಸೌಪರ್ಣಿಕಾಳ ಎದೆಯಲ್ಲಿ ಏನೋ ಮುರಿಯಿತು. ಮದುವೆಯೇ? ಅವಳ ಕೆಲಸ ಮುಗಿಯಿತೆಂದು ತೀರ್ಮಾನಿಸಲು ಅವನ್ಯಾರು? ಅವಳನ್ನು ಒಂದು ಮಾತು ಕೇಳಬಾರದಿತ್ತೇ?

ಗಂಗುಲಪ್ಪನವರನ್ನು ಮರ್ಯಾದೆಯಿಂದ ಸಾಗಹಾಕಿ, ತಂದೆ ಚಂದ್ರಶೇಖರ ಶಾಸ್ತ್ರಿಗಳ ಮುಂದೆ ನಿಂತಳು. ಶಾಸ್ತ್ರಿಗಳು ಜನಿವಾರ ತಿರುಗಿಸುತ್ತಾ ಒಪ್ಪಿಕೊಂಡರು. ಹೋದ ವಾರ ಶ್ರೀರಾಮನನ್ನು ಬಸ್ಸಿಗೆ ಬಿಡಲು ಹೋದಾಗ, ಶ್ರೀನಿವಾಸಪುರದ ಕಡೆಯ ಒಂದು ಜಾತಕ ಕೂಡಿಬಂದಿದೆ, ಇನ್ನು ಇದಕ್ಕೆ ಖರ್ಚು ಬೇಡ, ಮಾರಿಸಿಬಿಡಪ್ಪ ಎಂದಿದ್ದರಂತೆ.

"ನಾನು ಒಪ್ಪಿದೀನಿ ಅಂತ ಯಾರಪ್ಪ ಹೇಳಿದ್ದು?"

"ನೀನು ಬೇಡ ಅಂತಾನೂ ಹೇಳ್ಲಿಲ್ವಲ್ಲಮ್ಮ..."

"ಈಗ ಹೇಳ್ತಿದೀನಿ. ಬೇಡ."

ಶಾಸ್ತ್ರಿಗಳು ಮಗಳ ಕಣ್ಣೀರು ನೋಡಿದರು. ಆಮೇಲೆ ಎದ್ದು, ಕಂಪ್ಯೂಟರಿನ ಡಬ್ಬವನ್ನು ತಾವೇ ಹಳೇ ಪಂಚೆಯಲ್ಲಿ ಸುತ್ತಿ, ಕೋಲಾರದ ಬಸ್ಸು ಹೊರಡುವ ಹೊತ್ತಾಯಿತೆಂದು ನೆನಪಿಸಿದರು.

ಡಬ್ಬವನ್ನು ಮಡಿಲಲ್ಲಿ ಕೂರಿಸಿಕೊಂಡು ಹೋದಳು ಹುಡುಗಿ. ದಾರಿಯುದ್ದಕ್ಕೂ ಬೈಗುಳ ಜೋಡಿಸಿದಳು. ಅಂಗಡಿಯ ಮೆಟ್ಟಿಲು ಹತ್ತುವಾಗ ಒಂದೂ ನೆನಪಿಗೆ ಬರಲಿಲ್ಲ.

ಶ್ರೀರಾಮ್ ಗಾಬರಿಯಿಂದ ಎದ್ದ. ಗಡ್ಡ ಬಿಟ್ಟಿದ್ದ.

"ಇದನ್ನ ಮಾರ್ಬೇಕು ಅಂತ ನಿಮಗೆ ಯಾವತ್ತು ಗೊತ್ತಾಯ್ತು?" ಅವಳು ಡಬ್ಬವನ್ನು ಅವನ ಮುಂದೆ ಹಿಡಿದಳು. "ನಿಜ ಹೇಳಿ."

ಅವನು ನೆಲ ನೋಡಿದ.

"ಎರಡ್ನೇ ಶುಕ್ರವಾರ."

"ಏನು...?"

"ಗ್ರಾಫಿಕ್ಸ್ ಕಾರ್ಡ್ ಹಾಕೋಕೆ ಇದರ ಬೋರ್ಡಲ್ಲಿ ಜಾಗಾನೇ ಇಲ್ಲ. ಏನ್ ಹಾಕಿದ್ರೂ ತ್ರೀಡಿ ಕೆಲ್ಸಕ್ಕೆ ಆಗಲ್ಲ. ಅವತ್ತೇ ಗೊತ್ತಿತ್ತು." ಡಬ್ಬವನ್ನು ಅವಳ ಕೈಯಿಂದ ಇಳಿಸಿಕೊಂಡ. "ಹೇಳಿದ್ರೆ ಮೂರನೇ ಶುಕ್ರವಾರ ಇರ್ತಿರ್ಲಿಲ್ಲ. ತಪ್ಪಾಯ್ತು. ನಿಮ್ ದಿನಗಳನ್ನ ಹಾಳ್ಮಾಡಿದೆ."

ಸೌಪರ್ಣಿಕಾ ಪಕ್ಕದ ಸ್ಟೂಲಿನ ಮೇಲೆ ಕುಳಿತಳು. ಸಿಟ್ಟು ಬರಬೇಕಿತ್ತು. ಬಂತು ಕೂಡ. ಅದರ ಬೆನ್ನಿಗೇ ಕಣ್ಣಲ್ಲಿ ನೀರೂ ಬಂತು.

ಆಗ ಕಂಡಿತು. ಮೇಜಿನ ಮೇಲೆ ಹೊಸ ಬೋರ್ಡು, ದೊಡ್ಡ ಕಾರ್ಡು, ಎರಡು ಫ್ಯಾನು ಕೂರಿಸಿದ ಡಬ್ಬ. ವಾರದಿಂದ ಕೂತು ಜೋಡಿಸಿದ್ದನಂತೆ. ಹಳೆಯದಕ್ಕೆ ಗಂಗುಲಪ್ಪನವರು ಕೊಡುವ ಹಣವನ್ನು ಇದಕ್ಕೆ ಹೊಂದಿಸುವುದೆಂದು ಅವನ ಲೆಕ್ಕ. ಗಂಡನ ಮನೆ ಯಾವುದೇ ಊರಾಗಿರಲಿ, ಅವಳ ಕೆಲಸ ನಿಲ್ಲಬಾರದು ಎಂದು.

"ನಾನು ಕೆಲ್ಸ ಬಿಡೋ ಥರಾನೇ ಅಪ್ಪ ಹೇಳಿದ್ರಲ್ಲ?"

"ನಾನು ನಂಬ್ಲಿಲ್ಲ. ಮೌಸ್ ಹಿಡ್ದಾಗ ನಿಮ್ ಮುಖ ನೋಡಿದೀನಿ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. 'ಇಷ್ಟು ತಿಳಿದವನಿಗೆ ಇನ್ನೊಂದು ಮಾತು ತಿಳಿಯಲಿಲ್ಲವೇ!'

"ಮದ್ವೆ ಇಲ್ಲ ಶ್ರೀರಾಮ್. ಆ ಜಾತಕ ಬೇಡ ಅಂದೆ."

ಅವನು ತಲೆಯೆತ್ತಿದ.

"ಎರಡ್ನೇ ವಾರಾನೇ ಗೊತ್ತಾಗಿತ್ತು ಅಂದ್ರಲ್ಲ... ಡಿಪ್ಲೊಮಾ ಓದಿರೋಳು ನಾನು, ನಂಗೂ ಅನುಮಾನ ಬಂದಿತ್ತು. ಇನ್ನೊಬ್ರನ್ನ ಕೇಳ್ಬಹುದಿತ್ತು. ಕೇಳ್ಲಿಲ್ಲ."

ಹೊರಗೆ ಬಸ್ಸುಗಳು ಹಾರನ್ ಬಾರಿಸುತ್ತಲೇ ಇದ್ದವು. ಇಬ್ಬರಿಗೂ ಕೇಳಿಸಲಿಲ್ಲ.

"ನಿಮ್ ತಾಯೀನ ಕರ್ಕೊಂಡ್ ಬನ್ನಿ ಮನೆಗೆ. ಅಪ್ಪನ್ ಹತ್ರ ಮಾತಾಡಿ," ಅಂದಳು. ಆಮೇಲೆ, ಇಷ್ಟು ಹೊತ್ತೂ ಎದೆಯಲ್ಲಿದ್ದ ಭಯವನ್ನು ಹೊರಗಿಟ್ಟಳು. "ಆದ್ರೆ ನಾನು ಕೆಲ್ಸ ಬಿಡಲ್ಲ. ಇಲ್ಲಿ ನನ್ನ ಮೇಜು ಹಾಕೋಕೆ ಜಾಗ ಇದ್ಯಾ?"

ಶ್ರೀರಾಮ್ ಅಂಗಡಿಯನ್ನು ಸುತ್ತ ನೋಡಿದ. ಒಂದು ಮೇಜು, ಒಂದು ಸ್ಟೂಲು, ಆಮೇಲೆ ಗೋಡೆ. ಸುಳ್ಳು ಹೇಳುವ ಮನಸ್ಸಾಗಲಿಲ್ಲ ಅವನಿಗೆ.

"ಇಲ್ಲ."

ಅವಳ ಮುಖ ಬಾಡುವ ಮೊದಲೇ ತನ್ನ ಮೇಜಿನ ಒಂದು ತುದಿ ಹಿಡಿದ.

"ಆ ಕಡೆ ಹಿಡ್ಕೊಳ್ಳಿ. ನಂದು ಶಟರ್ ಹತ್ರ ಹಾಕ್ಕೊಳ್ತೀನಿ. ಬಿಸಿಲು ನಂಗೆ ಅಭ್ಯಾಸ."

ಸೌಪರ್ಣಿಕಾ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಆ ಕಡೆ ಹಿಡಿದಳು.