ಸೌಭಾಗ್ಯ ಹೇಳದ ಹೆಸರು

"ನಿನ್ನ ಗಂಡನ ಹೆಸರೇನಮ್ಮಾ?"

ದೋಣಿಯಿಂದ ಇಳಿದ ಸೌಭಾಗ್ಯಳ ಎರಡೂ ಕೈ ಹಿಡಿದು ದ್ವೀಪದ ಮುದುಕಿ ಕೇಳಿದಳು. ದೋಣಿಯ ರಾಮಾಂಜನೇಯ ಅದನ್ನು ಕನ್ನಡದಲ್ಲಿ ತಿಳಿಸಿ, ಹಗ್ಗ ಕಟ್ಟಲು ಹೋದ.

ಸೌಭಾಗ್ಯ ತಲೆ ತಗ್ಗಿಸಿದಳು. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಚಿಗಟೇರಿಯ ಅಜ್ಜಿ ತಿಪ್ಪೇರುದ್ರಮ್ಮ ತಲೆಗೆ ತುಂಬಿದ್ದಳು. ಬಿ.ಎಸ್ಸಿ ಓದಿದರೂ ಆ ಭಯ ಹೋಗಿರಲಿಲ್ಲ!

ಕೂಡ್ಲಿಗಿಯ ಕಾಡಿನಲ್ಲಿ ಕರಡಿ ಎಣಿಸುತ್ತಿದ್ದ ಗಂಡ, ಒಮ್ಮೆಯಾದರೂ ಹೆಸರು ಹಿಡಿದು ಕರಿ ಎಂದು ಗೋಗರೆದು ಸೋತಿದ್ದ. ತಾನು ಅವಳಿಗೆ ಬೇಡವಾದವನು ಎಂದುಕೊಂಡು, ಕಡಲಾಮೆ ಎಣಿಸುವ ಕೆಲಸ ಹಿಡಿದು ಇಲ್ಲಿಗೆ ಬಂದುಬಿಟ್ಟಿದ್ದ. ಆರು ತಿಂಗಳಿಂದ ಫೋನೂ ಇಲ್ಲ. ಕನಸಿನಲ್ಲಿ ಬೆನ್ನು ತಿರುಗಿಸಿ ನಿಲ್ಲುತ್ತಿದ್ದ... ಕರೆಯಲು ಇವಳಿಗೆ ಬಾಯಿ ಬರುತ್ತಿರಲಿಲ್ಲ.

ಅವನನ್ನು ಮರಳಿ ಕರೆದೊಯ್ಯಲೆಂದೇ ದ್ವೀಪಕ್ಕೆ ಹೋಗುವ ಸರ್ಕಾರಿ ಪಾಸು ಮಾಡಿಸಿ, ಎರಡು ಹಡಗು, ಒಂದು ದೋಣಿ ಹತ್ತಿದ್ದಳು. ದಾರಿಯಲ್ಲಿ ಡಾಲ್ಫಿನ್‌ಗಳು ಹಾರಿದವು, ಹಿನ್ನೀರಿನಲ್ಲಿ ಮೊಸಳೆ ಬಾಯಿ ತೆರೆದಿತ್ತು. ಯಾವುದೂ ಮನಸ್ಸಿಗೆ ಹತ್ತಲಿಲ್ಲ.

ಮುದುಕಿ ಮತ್ತೆ ಕೇಳಲಿಲ್ಲ. ಸೌಭಾಗ್ಯಳ ಕೆನ್ನೆ ಸವರಿ, ತೆಂಗಿನ ಮರಗಳ ಆಚೆಗೆ ನಡೆಸಿದಳು. ಅಲ್ಲಿ ಮರಳಿನಲ್ಲಿ ಸಾಲಾಗಿ ಮರದ ಗೂಟಗಳು. ಒಂದೊಂದಕ್ಕೂ ಹಳೆಯ ಬಟ್ಟೆ ಸುತ್ತಿತ್ತು.

ಸಮಾಧಿಗಳು!

'ಇಲ್ಲಿಗ್ಯಾಕೆ ಕರೆತಂದಳು? ಹಂಗಾದರೆ ಅವರು...?'

ಸೌಭಾಗ್ಯ ಕುಸಿದು ಕೂತಳು. ಮುದುಕಿ ಪಕ್ಕದಲ್ಲೇ ಕೂತು ಅತ್ತಳು.

ಹುಡುಕುತ್ತಾ ಬಂದ ರಾಮಾಂಜನೇಯ ಮುದುಕಿಯನ್ನು ವಿಚಾರಿಸಿ ಹಣೆ ಚಚ್ಚಿಕೊಂಡ. ಈ ಜನ ಸತ್ತವರ ಹೆಸರು ಎತ್ತುವುದಿಲ್ಲ, ಎತ್ತಿದರೆ ಸತ್ತವರು ಎದ್ದು ಬರುತ್ತಾರಂತೆ. ಇವಳು ಸುಮ್ಮನಿದ್ದದ್ದು ಕಂಡು ಗಂಡ ಸತ್ತಿದ್ದಾನೆಂದು ತಿಳಿದು, ಅಳಲು ಜಾಗ ತೋರಿಸಿದ್ದಳು ಮುದುಕಿ. ಆಮೆ ಎಣಿಸುವವರ ಬಿಡಾರ ದಿಬ್ಬದ ಆಚೆಗಿದೆ, ಆದರೆ ಎರಡು ದಿನದಿಂದ ಅವರ ದೋಣಿ ಕಂಡಿಲ್ಲ ಎಂದು ಅವನು ದನಿ ತಗ್ಗಿಸಿದ.

ಸೌಭಾಗ್ಯ ಎದ್ದು ನಿಂತಳು. ಬದುಕಿದ್ದರೂ ಬರಲಿ, ಸತ್ತಿದ್ದರೂ ಬರಲಿ!

"ಬೀರಲಿಂಗೇಶಾ!"

ಮುದುಕಿ ಹೆದರಿ ಕಿವಿ ಮುಚ್ಚಿಕೊಂಡಳು. ಮೂರನೆಯ ಕೂಗಿಗೆ ದಿಬ್ಬದ ಮೇಲೆ ಒಬ್ಬ ಕಾಣಿಸಿಕೊಂಡ. ಮೈಯೆಲ್ಲ ಮರಳು, ಗಡ್ಡ ಬೆಳೆದಿತ್ತು, ಹೆಗಲ ಮೇಲೆ ದೋಣಿಯ ಮುರಿದ ಹುಟ್ಟು. ಮುದುಕಿ ರಾಮಾಂಜನೇಯನ ಬೆನ್ನ ಹಿಂದೆ ಅವಿತಳು.

ಅವನು ಹತ್ತಿರ ಬಂದು ಗೂಟಗಳನ್ನೂ ಹೆಂಡತಿಯನ್ನೂ ನೋಡಿದ.

"ಯಾಕಳಾಕತ್ತಿ? ಯಾರು ಸತ್ತಾರ?"

"ನೀವು."

ಅವನಿಗೆ ನಗು ಬರಲಿಲ್ಲ. ಅವಳ ಕೈ ಹಿಡಿದುಕೊಂಡ.

"ಕರದ್ರ ಆಯುಷ್ಯ ಕಡಿಮಿ ಆಗತೈತಿ ಅಂತ ಕರೀಲಿಲ್ರಿ. ನಿಮ್ಮನ್ನ ಒಲ್ಲೆ ಅಂತಲ್ಲ... ನೀವಂದ್ರ ನನಗ ಜೀವ."

"ಮತ್ತ ಈಗ ಕರದ್ಯಲ್ಲ?"

"ಆಯುಷ್ಯ ಎಷ್ಟರ ಇರಲಿ. ಇರೋ ತನಕ ನನ್ನ ಕೂಡ ಇರ್ರಿ."